ಉಡಿ ತುಂಬಲು ಬಂದವಳು

ನೀಲಗಂಗಮ್ಮ ಹೊಸ್ತಿಲು ದಾಟಿದ್ದೇ ತಡ, ಪಡಸಾಲೆಯಲ್ಲಿ ಕೂತಿದ್ದ ಹೆಂಗಸರ ಮಾತು ನಿಂತಿತು. ಅವಳ ಒಂದು ಕೈಯಲ್ಲಿ ಖಣ, ಅಕ್ಕಿ, ಉತ್ತತ್ತಿ, ಕಮಲಾಪುರದ ಕೆಂಪು ಬಾಳೆಹಣ್ಣು ಇಟ್ಟ ತಟ್ಟೆ. ಇನ್ನೊಂದು ಕೈಯಲ್ಲಿ ಆರು ವರ್ಷದ ಮಗಳು ಶೇವಂತಾ. ತಟ್ಟೆಯ ಕಡೆ ಯಾರೂ ನೋಡಲಿಲ್ಲ.

"ನಿನಗ್ಯಾರು ಹೇಳಿ ಕಳಿಸಿದ್ರು?" ಎಂದಳು ಶಾರದಾಬಾಯಿ. ಆ ಮನೆಯೊಡತಿ ನೀಲಗಂಗಮ್ಮನ ಗಂಡನ ಅಕ್ಕ.

"ಉಡಿ ತುಂಬಲಾಕ ಹೇಳಿ ಕಳಿಸಬೇಕೇನ್ರಿ ಅಕ್ಕಾರ? ಬ್ಯಾಡಂದ್ರ ಹೇಳ್ರಿ, ತಟ್ಟಿ ಹಿಡಕೊಂಡು ಹಿಂಗೇ ಹೊಳ್ಳಿ ಹೋಗ್ತೀನಿ."

ಬಸುರಿಗೆ ಉಡಿ ತುಂಬಲು ಬಂದ ಮುತ್ತೈದೆಯನ್ನು ತುಂಬಿದ ತಟ್ಟೆಯ ಸಮೇತ ಹಿಂದಕ್ಕೆ ಕಳಿಸುವ ಎದೆ ಕಲಬುರ್ಗಿಯಲ್ಲಿ ಯಾವ ಅತ್ತೆಗೂ ಇರಲಿಲ್ಲ. ಅದರಲ್ಲೂ ಸೊಸೆ ಭಾಗಮ್ಮನಿಗೆ ಎರಡು ಸಲ ಬಸಿರು ನಿಲ್ಲದೆ, ಮೂರನೆಯದು ಈಗ ಏಳನೇ ತಿಂಗಳ ಕುಬಸದವರೆಗೆ ಬಂದಿತ್ತು. ಶಾರದಾಬಾಯಿ, "ಬಾ, ಕೂಡು" ಎಂದಳು. ಇದನ್ನೆಲ್ಲ ಬಲ್ಲವಳಾಗಿಯೇ ನೀಲಗಂಗಮ್ಮ ಕಮಲಾಪುರದಲ್ಲಿ ಬಂಡಿ ಹತ್ತಿದ್ದಳು.

ಹಾವಿನ ದ್ವೇಷ ಹನ್ನೆರಡು ವರುಷವಂತೆ. ನೀಲಗಂಗಮ್ಮನದಕ್ಕೆ ಇನ್ನೂ ಐದೇ ತಿಂಗಳು. ಅಂದು ಇದೇ ಊರಿನ ಬಜಾರಿನಲ್ಲಿ ಕಂಚುಗಾರರು ಕೊಡ ಬಡಿಯುತ್ತಿದ್ದರು. ಅಂಥ ಸದ್ದು ಕಿವಿಗೆ ಬಿದ್ದರೆ ಶೇವಂತಾ ಯಾರ ಮಗಳೂ ಅಲ್ಲ. ನೆಲಕ್ಕೆ ಬಿದ್ದು ಚೀರಿದಳು, ಹಿಡಿಯಲು ಬಂದವರನ್ನು ಕಚ್ಚಿದಳು. ಮದ್ದು ತಾಯಿಗೆ ಗೊತ್ತಿತ್ತು: ಎರಡೂ ಅಂಗೈಯಿಂದ ಕಿವಿ ಮುಚ್ಚಿ, ತಲೆಯನ್ನು ಎದೆಗೊತ್ತಿಕೊಂಡು ಹತ್ತು ಸಲ ತೂಗಿದರೆ ಸಾಕು. ಆದರೆ ಜೊತೆಗಿದ್ದ ಶಾರದಾಬಾಯಿ ಬಿಡಲಿಲ್ಲ.

"ಸರಿ ಅತ್ಲಾಗ. ಮುದ್ದು ಮಾಡೇ ಕೆಡಿಸೀದಿ!"

ತಾಯಿಯನ್ನು ದೂಡಿ, ಮಗುವಿನ ಕೈ ಹಿಂದಕ್ಕೆ ತಿರುಚಿ, ಚೀಲ ಬಿಗಿಯುವ ಹಗ್ಗದಿಂದ ಅಂಗಡಿಯ ಕಂಬಕ್ಕೆ ಕಟ್ಟಿಬಿಟ್ಟಳು. ಬಜಾರು ನಕ್ಕಿತು. ನಿಜಾಮ ಸರ್ಕಾರದ ಜವಾನನೊಬ್ಬ "ಅಚ್ಛಾ ಕಿಯಾ, ಬಾಯಿ" ಎಂದು ಮೆಚ್ಚಿ ಮೀಸೆ ತಿರುವಿದ. ಗಂಡನ ಅಕ್ಕ, ದೊಡ್ಡ ಮನೆಯವಳು ಎಂದು ನೀಲಗಂಗಮ್ಮ ಬಾಯಿ ಹೊಲಿದುಕೊಂಡು ನಿಂತಳು. ಹಾಗೆ ನಿಂತದ್ದಕ್ಕೇ ಅವಳ ಹೊಟ್ಟೆ ಈಗಲೂ ಉರಿಯುತ್ತಿತ್ತು.

ಭಾಗಮ್ಮನಿಗೆ ಹಸಿರು ಸೀರೆ ಉಡಿಸಿ ಮಣೆಯ ಮೇಲೆ ಕೂಡಿಸಿದ್ದರು. ಉಡಿ ತುಂಬುವುದು ಮುಗಿದು ಆರತಿಯ ಹೊತ್ತಾಯಿತು. ಹೆಂಗಸರು ಹಾಡು ಎತ್ತಿದರು, ಒಬ್ಬಳು ಜಾಗಟೆ ಬಾರಿಸಿದಳು. ಶೇವಂತಾ ನಡುಗಿ ತಾಯಿಯ ಕಡೆ ತಿರುಗಿದಳು. ನೀಲಗಂಗಮ್ಮ ಎರಡೂ ಕೈಗಳನ್ನು ಮಡಿಲಲ್ಲಿ ಜೋಡಿಸಿ ಕೂತಳು. ನೋಡಲಿ, ಇವತ್ತು ಎಲ್ಲರೂ ನೋಡಲಿ.

ಮಗು ಚೀರಿತು. ಒದ್ದ ರಭಸಕ್ಕೆ ಆರತಿಯ ತಟ್ಟೆ ಹಾರಿ, ಎಣ್ಣೆ ಚೆಲ್ಲಿ, ಕುಂಕುಮದ ನೀರು ಭಾಗಮ್ಮನ ಮಡಿಲಿಗೇ ಬಿತ್ತು. "ಅಪಶಕುನ ಆತಲ್ಲಬೇ!" ಎಂದು ಮುದುಕಿಯೊಬ್ಬಳು ಎದೆ ಬಡಿದುಕೊಂಡಳು. ಶಾರದಾಬಾಯಿ ನೀಲಗಂಗಮ್ಮನ ಮುಂದೆ ಕೈ ಜೋಡಿಸಿದಳು.

"ಸುಮ್ಮ ಮಾಡು ನಮ್ಮವ್ವ, ನಿನ್ನ ಕಾಲಿಗಿ ಬೀಳ್ತೀನಿ."

ಆ ಮಾತು ಕೇಳಿ ನೀಲಗಂಗಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ನನಗೇನ್ ತಿಳೀತದ್ರಿ? ಮುದ್ದು ಮಾಡಿ ಕೆಡಿಸಿದಾಕಿ ನಾ. ನಿಮಗ ಬರ್ತದಲ್ಲ, ಹಗ್ಗ ತರಸ್ರಿ."

ಹಗ್ಗ ಎಂದದ್ದೇ ಚೀರಾಟ ಗಕ್ಕನೆ ನಿಂತಿತು. ಶೇವಂತಾ ಎದ್ದಳು. ಪಡಸಾಲೆಯ ಕಂಬಕ್ಕೆ ಬೆನ್ನು ಹಚ್ಚಿ, ಎರಡೂ ಕೈ ಹಿಂದೆ ಮಾಡಿ, ಕಣ್ಣು ಮುಚ್ಚಿ ನಿಂತುಕೊಂಡಳು.

ನೀಲಗಂಗಮ್ಮ ಓಡಿದಳು. "ಬಾ ನನ್ನವ್ವ, ಮನಿಗಿ ಹೋಗಮು." ಕೈ ಹಿಡಿದು ಎಳೆದರೂ ಮಗು ಕಂಬ ಬಿಡಲಿಲ್ಲ.

"ಕಟ್ಯಾರ" ಎಂದಳು ಶೇವಂತಾ. "ಬಿಚ್ಚಿಲ್ಲ."

ಈ ಸಲ ಮಗಳನ್ನು ಕಂಬಕ್ಕೆ ಕಳಿಸಿದವಳು ತಾನೇ ಎಂದು ಹೊಳೆದು ನೀಲಗಂಗಮ್ಮನ ಕರುಳು ಕಿತ್ತು ಬಂತು. ಸಿಟ್ಟು ಮಾತ್ರ ಆರಲಿಲ್ಲ. ಶಾರದಾಬಾಯಿಯ ಕಡೆ ತಿರುಗಿದಳು.

"ಕಟ್ಟಿದಾಕಿ ನೀವು. ನೀವೇ ಬಿಚ್ರಿ."

"ಏನ್ ಬಿಚ್ಚಲೇ? ಹಗ್ಗ ಎಲ್ಲಿ ಅದ?"

"ಬಿಚ್ರಿ."

ಶಾರದಾಬಾಯಿ ಸುತ್ತ ನೋಡಿದಳು. ಅಷ್ಟು ಹೆಂಗಸರಲ್ಲಿ ಒಬ್ಬಳೂ ಅವಳ ಪರ ಬಾಯಿ ತೆರೆಯಲಿಲ್ಲ. ಮಣೆಯ ಮೇಲಿಂದ ಭಾಗಮ್ಮ, "ಬಿಚ್ರಿ ಅತ್ತಿ" ಎಂದಳು, ಒದ್ದೆ ಮಡಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

ಶಾರದಾಬಾಯಿ ಕಂಬದ ಹಿಂದೆ ಹೋಗಿ ಮಂಡಿಯೂರಿ ಕೂತಳು. ಬಂಗಾರದ ಪಾಟಲಿಯ ಕೈ ಮಗುವಿನ ಮುಂಗೈ ಹತ್ತಿರ ಗಾಳಿಯಲ್ಲಿ ತಡವರಿಸಿತು. ಯಾರೂ ನಗಲಿಲ್ಲ.

"ಬಿಚ್ಚೀನವ್ವ" ಎಂದಳು.

ಶೇವಂತಾ ಕಣ್ಣು ತೆರೆಯಲಿಲ್ಲ. "ಇನ್ನೊಂದ್ ಗಂಟು ಅದ."

ಶಾರದಾಬಾಯಿ ಮತ್ತೆ ಬಾಗಿದಳು.