ಕೆಳಗಿನ ಕಲ್ಲಿನ ಹೊಟ್ಟೆಕಿಚ್ಚು

ನಾನು ಒಂದು ಬೀಸುವ ಕಲ್ಲು. ಪೂರ್ತಿಯಲ್ಲ, ಅರ್ಧ. ಅಲುಗಾಡದೆ ನೆಲ ಹಿಡಿದು ಕೂರುವ ಕೆಳಗಿನ ಅರ್ಧ.

ಹುಟ್ಟಿದ್ದು ಬೆಂಕಿಯಲ್ಲಿ. ಕೋಟಿಗಟ್ಟಲೆ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿದ ಲಾವಾ ಈಗಿನ ವಿಜಯಪುರದ ಸೀಮೆಯವರೆಗೂ ಹರಿದು ಬಂತು. ಒಂದೇ ಸಲವಲ್ಲ. ಒಂದು ಹರಿವು ಬಂದು ಆರಿ, ಅದರ ಮೇಲೆ ಮಣ್ಣು ಕೂತ ಮೇಲೆ ಇನ್ನೊಂದು. ತೆಳು ಲಾವಾ ನುಣ್ಣಗೆ ಹರಿದು ಮೈಮೇಲೆ ಹಗ್ಗದಂತೆ ಸುರುಳಿಗಟ್ಟುತ್ತಿತ್ತು. ಮಂದ ಲಾವಾ ಒಡೆಯುತ್ತ, ಉರುಳುತ್ತ, ಚೂರುಚೂರಾಗಿ ಬರುತ್ತಿತ್ತು. ನಾನು ತೆಳು ಲಾವಾದ ತಳಭಾಗ. ನಿಧಾನವಾಗಿ ಆರಿ, ಒಂದು ತೂತೂ ಇಲ್ಲದಂತೆ ಕರ್ರಗೆ ಬಿಗಿದುಕೊಂಡೆ. ನನ್ನ ಕೆಳಗೆ ಗೇಣಷ್ಟು ಕೆಂಪು ಮಣ್ಣು. ಅದರ ಕೆಳಗೆ ಹಿಂದಿನ ಹರಿವಿನ ನೆತ್ತಿ. ಅಲ್ಲಿ ಗಾಳಿ ಸಿಕ್ಕಿಕೊಂಡು ಕಲ್ಲಿನ ತುಂಬ ಗುಳ್ಳೆಗಳಾಗಿದ್ದವು. ಆ ಗುಳ್ಳೆಗಲ್ಲೇ ಮುಂದೆ ನನ್ನ ಜೋಡಿಯಾದ.

ಹುಟ್ಟಿದ ಜಾಗದಲ್ಲಿ ನಾನು ಮೇಲೆ, ಅವನು ಕೆಳಗೆ. ಇದನ್ನು ಯಾರೂ ನೆನಪಿಡಲಿಲ್ಲ.

ಹಳ್ಳದ ದಂಡೆಯಲ್ಲಿ ನಮ್ಮಿಬ್ಬರನ್ನೂ ಕಡಿದು ತೆಗೆದವನು ಕಲ್ಲುಕುಟಿಗ ದುರ್ಗಪ್ಪ. ಆಗಷ್ಟೇ ಮದುವೆಯಾಗಿ ಬಂದಿದ್ದ ಸಂಕವ್ವ ಬಳಿಯಲ್ಲೇ ನಿಂತು ನೋಡುತ್ತಿದ್ದಳು.

"ಕರಿಕಲ್ಲು ಭಾರ, ಅದು ಕೆಳಗಿರಲಿ. ಗುಳ್ಳಿಕಲ್ಲು ಹಗುರ, ಮ್ಯಾಲ ತಿರಗಲಿ. ನಿನ್ನ ತೋಳು ನೋಯೂದಿಲ್ಲ ತಂಗಿ," ಎಂದ ಅವನು.

ಆ ಒಂದು ಮಾತಿಗೆ ನನ್ನ ಬಾಳು ತಿರುವುಮುರುವಾಯಿತು. ಸಂಕವ್ವ ಹಿಡಿಯುತ್ತಿದ್ದದ್ದು ಅವನ ಗೂಟ. ಜೋಳ ಸುರಿಯುತ್ತಿದ್ದದ್ದು ಅವನ ಬಾಯಿಗೆ. ಹಾಡುತ್ತಿದ್ದದ್ದು ಅವನ ಕಡೆ ಬಾಗಿ. ನಾನು ಕತ್ತಲಲ್ಲಿ ಬಿದ್ದುಕೊಂಡು ತಿಕ್ಕಿಸಿಕೊಳ್ಳುತ್ತಿದ್ದೆ. ನಾನು ಸವೆದು ನುಣುಪಾದಾಗಲೆಲ್ಲ ಮತ್ತೆ ಒರಟಾಗಲೆಂದು ಉಳಿಯ ಏಟು. ಅವನಿಗೆ ಅದೂ ಅಪರೂಪ. ಒಂದು ಗುಳ್ಳೆ ಸವೆದರೆ ಒಳಗಿಂದ ಇನ್ನೊಂದು ಬಾಯಿ ತೆರೆಯುತ್ತಿತ್ತು. ಅವನು ಸೀಳಿ ಎರಡಾಗಲಿ ಎಂದು ಎಷ್ಟೋ ಸಲ ಹಾರೈಸಿದ್ದೇನೆ.

ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ನಾವು ಅಂಗಳದ ಮೂಲೆ ಸೇರಿದೆವು. ಅಲ್ಲೂ ಅವನೇ ಮೇಲೆ.

ಸಂಕವ್ವನ ಕೂದಲು ಬೆಳ್ಳಗಾದ ಹೊತ್ತಿಗೆ ಅವಳ ಮಗ ಮಲಕಣ್ಣ ಓಣಿಯವರನ್ನು ಕೂಡಿಸಿಕೊಂಡು ಬಾವಿ ತೋಡತೊಡಗಿದ. ಹೆಂಗಸರು ನೀರಿಗೆ ಒಂದೂವರೆ ಮೈಲಿ ನಡೆಯುತ್ತಿದ್ದರು. ಹದಿನೈದು ಫೂಟಿಗೆ ಕರಿಕಲ್ಲು ಬಂತು. ಮೂರು ವಾರ ಬಡಿದರೂ ಎಂಟು ಫೂಟು ಮಾತ್ರ ಒಡೆದದ್ದು. ಒಡೆಯಲಾಗದ ಆ ಕಲ್ಲು ನನ್ನ ಕುಲ ಎಂದು ನನಗೆ ಒಳಗೊಳಗೇ ಹೆಮ್ಮೆ.

"ಬಿಟ್ಟಬಿಡೂಣು. ಕೆಳಗೂ ಇದ ಇರ್ತದ," ಎಂದ ಮಲಕಣ್ಣ, ಅಂಗಳದಲ್ಲಿ ಕುಸಿದು ಕೂತು.

ಅವತ್ತು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವ ಶಾಹಿದಾ ಎಂಬಾಕೆ ಹಳ್ಳದ ಕಲ್ಲುಗಳನ್ನು ಅಳೆಯಲು ಬಂದಿದ್ದಳು. ನೀರು ಕೇಳಿಕೊಂಡು ನಮ್ಮ ಅಂಗಳಕ್ಕೆ ಬಂದವಳ ಕಣ್ಣು ನಮ್ಮ ಮೇಲೆ ಬಿತ್ತು.

"ಆಯಿ, ಇವೆರಡೂ ಎಲ್ಲಿಯ ಕಲ್ಲು?"

"ಇದ ಹಳ್ಳದ್ದು ಅಕ್ಕಾರ. ಮ್ಯಾಲ ಕರಿಕಲ್ಲು, ನಡುವ ಕೆಂಪು ಮಣ್ಣು, ಅದರ ಕೆಳಗ ಗುಳ್ಳಿಕಲ್ಲು. ನಾನ ನಿಂತು ತಗಸೀನಿ," ಎಂದಳು ಸಂಕವ್ವ.

ಶಾಹಿದಾ ನಮ್ಮನ್ನು ಬೇರೆ ಮಾಡಿಸಿ, ಲೋಟದಲ್ಲಿದ್ದ ನೀರನ್ನು ಇಬ್ಬರ ಮೇಲೂ ಸುರಿದಳು. ನನ್ನ ಮೇಲಿನದು ಜಾರಿಹೋಯಿತು. ಅವನ ಗುಳ್ಳೆಗಳಲ್ಲಿ ನಿಂತಿತು.

"ಹಳ್ಳದಾಗ ಕರಿಕಲ್ಲು ಹನ್ನೆರಡು ಫೂಟ ದಪ್ಪ ಅದ," ಎಂದಳು ಮಲಕಣ್ಣನಿಗೆ. "ನೀವು ಎಂಟು ಒಡದೀರಿ. ಖಾತ್ರಿ ಕೊಡಾಕ ಆಗೂದಿಲ್ಲ. ಆದರ ನೀರು ಇದ್ದರ ಈ ಗುಳ್ಳಿಕಲ್ಲಿನಾಗ ಇರಬೇಕು. ಈಗ ಬಿಡಬ್ಯಾಡ್ರಿ."

ಅವನನ್ನು ಮತ್ತೆ ನನ್ನ ಮೇಲೇ ಇಟ್ಟು ಮಲಕಣ್ಣ ಬಾವಿಗೆ ಇಳಿದ. ನೀರು ಬರದಿರಲಿ ಎಂದು ನಾನು ಬಯಸಿದೆ. ಸಂಕವ್ವನ ತಲೆಯ ಮೇಲಿನ ಕೊಡವನ್ನು ದಿನವೂ ನೋಡಿದವನು ನಾನು, ಆದರೂ ಬಯಸಿದೆ.

ಒಂಬತ್ತನೇ ದಿನ ಬುಟ್ಟಿಯಲ್ಲಿ ಕೆಂಪು ಮಣ್ಣು ಬಂತು. ಹನ್ನೊಂದನೇ ದಿನ ಮಲಕಣ್ಣ ಮೊಣಕಾಲವರೆಗೆ ಒದ್ದೆಯಾಗಿ ಮೇಲೆ ಬಂದ. ಸಂಕವ್ವ ಆ ನೀರು ಮುಟ್ಟಿದ ಹಸಿ ಕೈಯಲ್ಲೇ ಅಂಗಳಕ್ಕೆ ಬಂದು ಗುಳ್ಳೆಗಲ್ಲಿನ ಮೈ ಸವರಿದಳು. ಅವನ ಮೈಯಿಂದ ಇಳಿದ ಎರಡು ಹನಿ ನನ್ನ ಮೇಲೆ ಬಿದ್ದವು. ಅಷ್ಟೇ ನನ್ನ ಪಾಲು.

ಹುಡುಗರಿಗೆ ತೋರಿಸಲು ಕಲ್ಲು ಬೇಕೆಂದು ಶಾಹಿದಾ ಕೇಳಿದಾಗ ಸಂಕವ್ವ ಅವನನ್ನು ಕೊಟ್ಟಳು. ನನ್ನನ್ನು ಯಾರೂ ಕೇಳಲಿಲ್ಲ. ಅವನು ಹೋದ. ಎಷ್ಟೋ ವರ್ಷಗಳ ಮೇಲೆ ನನ್ನ ಮುಖಕ್ಕೆ ದಿನವಿಡೀ ಬಿಸಿಲು ಬಿತ್ತು, ಆಕಾಶ ಕಂಡಿತು. ಇದಕ್ಕಾಗಿಯೇ ಕಾದಿದ್ದೆನೆಂದುಕೊಂಡೆ. ಎರಡು ದಿನದಲ್ಲಿ ಬೇಸರ ಬಂತು.

ಆಮೇಲೆ ಮಲಕಣ್ಣ ನನ್ನನ್ನು ಉರುಳಿಸಿಕೊಂಡು ಹೋಗಿ ಬಾವಿಯ ಪಕ್ಕದಲ್ಲಿ ಹಾಕಿದ. ಈಗ ಅಲ್ಲೇ ಇದ್ದೇನೆ. ನನ್ನ ಜೋಡಿ ಕಾಲೇಜಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇದ್ದಾನಂತೆ, ಹೆಸರಿನ ಚೀಟಿ ಅಂಟಿಸಿದ್ದಾರಂತೆ. ಕೇಳಿದಾಗ ಮತ್ತೆ ಉರಿದುಕೊಂಡೆ. ಈ ಉರಿ ಆರುವಂಥದ್ದಲ್ಲ.

ಆದರೆ ದಿನಾ ಬೆಳಿಗ್ಗೆ ಸಂಕವ್ವ ಬಂದು, ನೀರು ಸೇದುವ ತನ್ನ ಸರದಿ ಬರುವವರೆಗೆ ನನ್ನ ಮೇಲೆ ಕೂರುತ್ತಾಳೆ. ಆಗ ಮೈಗೆ ಗುರುತಿನ ಭಾರವೊಂದು ಬೀಳುತ್ತದೆ. ಅವನು ಹೋದಂದಿನಿಂದ ನನಗೆ ಕಡಿಮೆಯಾಗಿದ್ದದ್ದು ಅದೇ. ಅವಳ ಸರದಿ ಬೇಗ ಬಂದ ದಿನ ನನಗೆ ಸರಿಬರುವುದಿಲ್ಲ.