ಹೆರಿಗೆ ರಜೆ

"ಇನ್ನೂ ಸ್ವಲ್ಪ ಗೋಡೆ ಕಡೆ ತಳ್ಳಿ ಚಿಕ್ಕಮ್ಮ," ಎನ್ನುತ್ತ ಮಗಳು ಸೋಫಾದ ಒಂದು ತುದಿ ಎತ್ತಿದಳು. ನಡುಮನೆಯಲ್ಲಿ ಅಮ್ಮನ ದೇಹ ಮಲಗಿಸಿದ್ದರು. ಬಂದವರಿಗೆ ನಿಲ್ಲಲು ಜಾಗ ಸಾಲುತ್ತಿರಲಿಲ್ಲ.

ಚಿಕ್ಕಮ್ಮ ಬಾಗಿಲತ್ತ ನೋಡಿ ದನಿ ತಗ್ಗಿಸಿದಳು. "ಬಂದ ನೋಡು, ನಿಮ್ಮಮ್ಮನ ಸಾಹೇಬ."

ಅಮ್ಮ ಕೆಲಸ ಮಾಡಿದ್ದ ಪ್ರಯೋಗಾಲಯದ ನಿವೃತ್ತ ನಿರ್ದೇಶಕರು ನಿಧಾನವಾಗಿ ಒಳಬಂದರು. ಜನ ತಾವಾಗಿಯೇ ದಾರಿ ಬಿಟ್ಟರು. ಕಾರ್ಖಾನೆಯಲ್ಲಿ ವಿಷಾನಿಲ ಸೋರಿದರೆ ಕೂಗಿ ಎಚ್ಚರಿಸುವ ಯಂತ್ರ ಕಂಡುಹಿಡಿದವರೆಂದು ಅವರ ಚಿತ್ರ ಪಠ್ಯಪುಸ್ತಕದಲ್ಲೂ ಇತ್ತು.

"ಒಂದಿನಾನೂ ಎದುರು ಮಾತಾಡಿದೋರಲ್ಲ. ಲ್ಯಾಬಿಗೆ ಮನೆಮಗಳ ಥರ ಇದ್ರು," ಎಂದರು, ಅಪ್ಪನ ಕೈ ಹಿಡಿದು.

ಅಪ್ಪ ತಲೆಯಾಡಿಸಿದರು.

*

ಅನಿಲದ ಸುಳಿವು ಹಿಡಿಯುವ ಉಗುರಗಲದ ಬಿಲ್ಲೆಯೇ ಆ ಯಂತ್ರದ ಜೀವ. ಅಮ್ಮ ವರ್ಷಗಟ್ಟಲೆ ಲೇಪ ಬದಲಿಸಿ, ಸುಟ್ಟು, ಮತ್ತೆ ಬದಲಿಸಿ ಅದನ್ನು ಪಳಗಿಸಿದ್ದಳು. ಯಂತ್ರ ಮೊದಲ ಸಲ ಕೂಗಿದಾಗ ಅವಳು ತುಂಬು ಬಸುರಿ. ಹೆರಿಗೆ ಮುಗಿಸಿ ಬರುವಷ್ಟರಲ್ಲಿ ಪೇಟೆಂಟಿಗೆ ಅರ್ಜಿ ಹೋಗಿತ್ತು. ಅದರಲ್ಲಿ ಇದ್ದವರೆಲ್ಲ ಗಂಡಸರು.

"ರಜೆಯಲ್ಲಿರೋರ ಹೆಸರು ಹೆಂಗಮ್ಮ ಹಾಕೋದು?" ನಿರ್ದೇಶಕರು ನಕ್ಕಿದ್ದರು. "ನೀವು ಮನೇಲಿ ಬೇರೆ ಉತ್ಪಾದನೆ ಮಾಡಿದ್ರಲ್ಲ. ಹೆಣ್ಣಂತೆ?"

ಅವಳು ಅಪ್ಪನ ಮುಂದೆ ಅತ್ತಾಗ ಅವರು, "ಸಂಬಳಕ್ಕೇನೂ ಕತ್ತರಿ ಬಿದ್ದಿಲ್ವಲ್ಲ. ಹೆಸರು ಇಟ್ಕೊಂಡು ಉಪ್ಪು ಹಾಕಿ ನೆಕ್ತೀಯಾ?" ಎಂದಿದ್ದರು.

ಆಮೇಲೆ ಅಮ್ಮ ಅಳಲಿಲ್ಲ. ನಿವೃತ್ತಿಯಾಗುವವರೆಗೂ ಅದೇ ಬೆಂಚಿನಲ್ಲಿ ನಿಂತು, ಹೊಸದಾಗಿ ಸೇರಿದವರಿಗೆ ಆ ಯಂತ್ರ ಬಿಚ್ಚಿ ತೋರಿಸುತ್ತ, "ಇದು ಸಾರ್ ಕಂಡುಹಿಡಿದದ್ದು," ಎಂದು ಹೇಳಿಕೊಟ್ಟಳು.

*

ಶವದ ವ್ಯಾನು ಬಂತು. ನಿರ್ದೇಶಕರು ಕಷ್ಟಪಟ್ಟು ಬಾಗಿ ಅಮ್ಮನ ಕಿವಿಯ ಬಳಿ ಪಿಸುಗುಟ್ಟಿದರು. ತಲೆಯ ಹತ್ತಿರ ಕೂತಿದ್ದ ಮಗಳಿಗೆ ಕೇಳಿಸಿತು.

"ಅದು ನಿಮ್ದೇ. ನಂಗೊತ್ತು."

"ಗಟ್ಟಿಯಾಗಿ ಹೇಳಿ ಸಾರ್," ಎಂದಳು ಮಗಳು.

ಅಮ್ಮನ ಹಳೆಯ ಸಹೋದ್ಯೋಗಿಗಳು ಕತ್ತೆತ್ತಿದರು.

"ಏನಮ್ಮ?"

"ಈಗ ಹೇಳಿದ್ದು. ಅವಳಿಗೆ ಕೇಳಿಸಲ್ಲ. ಇವರಿಗೆ ಹೇಳಿ. ಹೊಟ್ಟೇಲಿದ್ದೋಳು ನಾನೇ, ನಾನೂ ಕೇಳ್ತೀನಿ."

ನಿರ್ದೇಶಕರ ತುಟಿ ಅಲುಗಿತು. ಅಷ್ಟರಲ್ಲಿ ಅಪ್ಪ ಬಂದು ಅವರ ತೋಳು ಹಿಡಿದರು. "ದುಃಖದಲ್ಲಿದಾಳೆ ಸಾರ್, ತಪ್ಪು ತಿಳ್ಕೋಬೇಡಿ. ಮೆಟ್ಟಿಲು ನೋಡ್ಕೊಂಡು ಇಳೀರಿ."

ಅಪ್ಪ ಅವರನ್ನು ಕಾರಿನಲ್ಲಿ ಕೂರಿಸಿ, ಬಾಗಿಲು ಮೆಲ್ಲಗೆ ಮುಚ್ಚಿ, ಕಾರು ತಿರುವು ದಾಟುವವರೆಗೂ ಕೈಮುಗಿದು ನಿಂತರು. ಅವರ ಬೆನ್ನ ಹಿಂದೆ ಅಮ್ಮನನ್ನು ಮೆಟ್ಟಿಲಿಳಿಸುತ್ತಿದ್ದರು.