ತಿರುಗೋ ಕುರ್ಚಿ

"ಎದ್ದೇಳೇ ಮೇಲೆ! ಮಹಾರಾಣಿ ಥರ ತಿರುಗೋ ಕುರ್ಚೀಲಿ ಕೂತ್ಕೊಂಡು ಬಡವರು ಅಂತ ಅರ್ಜಿ ಹಾಕ್ತೀರಲ್ಲ, ಮಾನ ಮರ್ಯಾದೆ ಇದೆಯೇನೇ ನಿಮ್ಗೆ?"

ಹುಡುಗಿ ತೊಡೆಯ ಮೇಲಿದ್ದ ಪುಸ್ತಕ ಸಮೇತ ದಡಕ್ಕನೆ ಎದ್ದಳು. ಬಾಗಿಲಲ್ಲಿ ನಿಂತಿದ್ದವನು ಟ್ರಸ್ಟಿನ ಸಾಹೇಬ. ಕಾಲೇಜು ಓದುವ ಬಡ ಮಕ್ಕಳಿಗೆ ವರ್ಷಾ ವರ್ಷಾ ಫೀಸು ಕಟ್ಟುವ ಟ್ರಸ್ಟು ಅದು. ಕಟ್ಟುವುದಕ್ಕೆ ಮುಂಚೆ ಮನೆಗೆ ಬಂದು, ಬಡತನ ಇನ್ನೂ ಮನೆಯಲ್ಲೇ ಇದೆಯೋ, ಯಾರ ಜೊತೆಗಾದರೂ ಓಡಿಹೋಯಿತೋ ಅಂತ ಕಣ್ಣಾರೆ ನೋಡಿಕೊಂಡು ಹೋಗುವುದು ಅದರ ಪದ್ಧತಿ. ಸಾಹೇಬ ಬೂಟು ಬಿಚ್ಚದೆ ಒಳಗೆ ಬಂದ. ಆಗತಾನೆ ಒರೆಸಿದ್ದ ನೆಲದ ಮೇಲೆ ಬೂಟು ಕಿರ್ ಕಿರ್ ಅಂದಿತು.

ಒಲೆ ಮುಂದಿದ್ದ ತಾಯಿಗೆ ಅಷ್ಟು ಸದ್ದೇ ಸಾಕಾಯಿತು. ಅದೇ ಟ್ರಸ್ಟಿನ ಆಫೀಸಿನಲ್ಲಿ ನೆಲ ಒರೆಸುವವಳು ಅವಳು. ಅವಳು ಒರೆಸಿದ ಹಸಿ ನೆಲದ ಮೇಲೇ ದಿನಾ ಬೆಳಿಗ್ಗೆ ಆ ಬೂಟು ಹಾಯ್ದು ಹೋಗುತ್ತದೆ. ಕಸ ಗುಡಿಸುವವರೆಲ್ಲ ಅವನಿಗೆ ಕಿರ್‌ಕಿರ್ ಸಾಹೇಬ ಅಂತಲೇ ಹೆಸರಿಟ್ಟಿದ್ದಾರೆ. ಅವನು ಅವಳ ಬೆನ್ನು ನೋಡಿದ್ದಾನೆ, ಒದ್ದೆ ಬಟ್ಟೆ ನೋಡಿದ್ದಾನೆ, ಬಕೆಟ್ಟು ಎಡವಿ ಬೈದಿದ್ದಾನೆ. ಮುಖ ಮಾತ್ರ ಒಂದು ದಿನವೂ ನೋಡಿಲ್ಲ. ಈಗಲೂ ಯಾರದೋ ಮನೆಗೆ ಬಂದವನಂತೆ ಮೂಗಿಗೆ ಕರ್ಚೀಫು ಹಿಡಿದು ನಿಂತಿದ್ದ.

ಕೇರಿಯಲ್ಲಿ ಅವಳಿಗೆ ಬಾಯಿಬಡಕಿ ಅಂತ ಹೆಸರು. ನಲ್ಲಿಯ ಹತ್ತಿರ ಅವಳು ಬಾಯಿ ತೆಗೆದರೆ ಸಾಲಿನಲ್ಲಿದ್ದ ಕೊಡಗಳೂ ಪಕ್ಕಕ್ಕೆ ಸರಿಯುತ್ತವೆ. ಆಫೀಸಿನಲ್ಲಿ ಮಾತ್ರ ಅವಳಿಗೆ ಬಾಯಿ ಇದೆ ಅಂತ ಯಾರಿಗೂ ಗೊತ್ತಿಲ್ಲ. ಮಗಳ ಓದು ಮುಗಿಯುವವರೆಗೆ ಗೊತ್ತಾಗದೇ ಇರಲಿ ಅಂತ ಅವಳೇ ಅದಕ್ಕೆ ಬೀಗ ಹಾಕಿಕೊಂಡಿದ್ದಳು.

ಟ್ರಸ್ಟಿನವರು ಬರುತ್ತಾರೆ ಅಂತ ಗೊತ್ತಾದರೆ ಕೇರಿಗೆ ಕೇರಿಯೇ ಕೆಲಸಕ್ಕೆ ನಿಲ್ಲುತ್ತದೆ. ಟೀವಿ, ಮಿಕ್ಸಿ, ಫ್ಯಾನು ಎಲ್ಲ ಇಸ್ತ್ರಿಯವನ ಮನೆ ಸೇರಿ ಬಟ್ಟೆ ರಾಶಿಯ ಕೆಳಗೆ ಮಲಗುತ್ತವೆ. ಅವನಿಗೆ ಮದುವೆಯಿಲ್ಲ, ಓದುವ ಮಕ್ಕಳಿಲ್ಲ, ಹಾಗಾಗಿ ಅವನ ಬಡತನ ಯಾರಿಗೂ ಬೇಕಾಗಿಲ್ಲ. ಈ ಸಲ ಗೋಡೆಯ ಗಡಿಯಾರ ಕೂಡ ಹೋಗಿತ್ತು. ಕುರ್ಚಿಯ ಮೇಲೆ ಮಾತ್ರ ಯಾರ ಕೈಯೂ ಹೋಗಲಿಲ್ಲ. ತಿಪ್ಪೆಗೆ ಬಿದ್ದಿದ್ದನ್ನು ಯಾರಾದರೂ ಬಚ್ಚಿಡುತ್ತಾರೆಯೇ?

ಅದು ಸಾಹೇಬನದೇ ಕುರ್ಚಿ. ಹಿಂದಿನ ವರ್ಷ ಒಂದು ದಿನ ಅವನು ಗತ್ತಿನಿಂದ ಹಿಂದಕ್ಕೆ ಒರಗಿದ್ದೇ ತಡ, ಚಕ್ರ ಮುರಿದು ಕಾಲು ಮೇಲಾಗಿ ಬಿದ್ದಿದ್ದ. ಆಫೀಸಿಗೆ ಆಫೀಸೇ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿತ್ತು. "ಈ ದರಿದ್ರಾನ ಹೊರಗೆ ಬಿಸಾಕ್ರೋ!" ಅಂತ ಅವನೇ ಕೂಗಿದ್ದ. ಬಾಯಿಬಡಕಿ ಅದನ್ನು ತಿಪ್ಪೆಯಿಂದ ತಲೆಯ ಮೇಲೆ ಹೊತ್ತು ತಂದಳು. ಹರಿದ ಸೀಟಿಗೆ ಹಳೇ ಛತ್ರಿಯ ಬಟ್ಟೆ ಹೊಲಿದಳು. ಚಕ್ರ ಹೋದ ಕಡೆ ಇಟ್ಟಿಗೆ ಕೊಟ್ಟಳು. ಮಗಳು ಅದರಲ್ಲಿ ಕೂತು ಓದುವಾಗ ಅವಳಿಗೆ ಹೊಟ್ಟೆ ತಣ್ಣಗಾಗುತ್ತಿತ್ತು.

"ಸಾಹೇಬ್ರೆ, ಇದು ನೀವು ಬಿಸಾಕಿದ್ದೇ ಕುರ್ಚಿ," ಅಂದಳು. "ನಾನು ನಿಮ್ಮ ಆಫೀಸಲ್ಲೇ ನೆಲ ಒರೆಸ್ತೀನಿ."

ಸಾಹೇಬ ಮೊದಲ ಸಲ ಅವಳ ಮುಖ ನೋಡಿದ. ಆಮೇಲೆ ಕುರ್ಚಿಯನ್ನು ನೋಡಿದ. ಬಿದ್ದಿದ್ದು ನೆನಪಾಯಿತೋ ಏನೋ, ಕಿವಿ ಕೆಂಪಾಯಿತು.

"ಓಹೋ! ಆಫೀಸಿನ ಮಾಲು ಹೊತ್ಕೊಂಡ್ ಬಂದಿದೀಯಾ? ಈಗ ನೀನೇ ಹೇಳು. ಕೊಂಡಿದ್ದಾದ್ರೆ ನೀವು ಅನುಕೂಲಸ್ಥರು. ಎತ್ಕೊಂಡ್ ಬಂದಿದ್ದಾದ್ರೆ ಕಳ್ಳರು. ಯಾವುದು ಬರ್ಕೊಳ್ಲಿ?"

ಬಾಯಿಬಡಕಿಯ ನಾಲಿಗೆ ತುದಿಗೆ ಬಂದದ್ದನ್ನು ಕೇಳಿದ್ದರೆ ಅವನು ಬೂಟು ಬಿಟ್ಟು ಓಡುತ್ತಿದ್ದ. ಅಷ್ಟರಲ್ಲಿ ಮಗಳು ಅವಳ ಸೆರಗು ಜಗ್ಗಿದಳು.

"ತಪ್ಪಾಯ್ತು ಸಾರ್," ಅಂದಳು ಮಗಳು. "ನಾಡಿದ್ದು ಫೀಸು ಕಟ್ಟೋಕೆ ಕೊನೇ ದಿನ. ಕಟ್ಟದಿದ್ರೆ ಪರೀಕ್ಷೆಗೆ ಕೂರ್ಸಲ್ಲ ಸಾರ್."

"ನಾಳೆ ದಾನಿಗಳು ಬರ್ತಾರೆ, ಚೆಕ್ಕು ಹಂಚೋ ಫಂಕ್ಷನ್ನು. ಅಷ್ಟರೊಳಗೆ ಕುರ್ಚಿ ವಾಪಸ್ ತಂದು ಒಪ್ಪಿಸ್ಬೇಕು. ಆಮೇಲೆ ನೋಡೋಣ." ಏನೋ ಗೀಚಿಕೊಂಡು ಕಿರ್ ಕಿರ್ ಅಂತ ಹೊರಟುಹೋದ.

"ನೋಡ್ತಾನಂತೆ, ಬೋಳಿಮಗ!" ಅವನು ತಿರುವು ದಾಟಿದ ಮೇಲೆ ಬಾಯಿಬಡಕಿ ಬಾಯಿ ಬಿಟ್ಟಳು.

"ಅವ್ವಾ, ನಿನ್ನ ಕಾಲಿಗೆ ಬೀಳ್ತೀನಿ. ನಾಳೆ ಒಂದು ದಿನ ಬಾಯಿ ಮುಚ್ಕೊಂಡಿರು."

ಮರುದಿನ ಅವಳು ಕುರ್ಚಿಯನ್ನು ಮತ್ತೆ ತಲೆಯ ಮೇಲೆ ಹೊತ್ತಳು. ಅದನ್ನು ಸಭೆಯ ಹಾಲಿನ ಮೂಲೆಯಲ್ಲಿಟ್ಟು, ವೇದಿಕೆ ಒರೆಸಿ, ಒದ್ದೆ ಬಟ್ಟೆ ಹಿಡಿದು ಗೋಡೆಗೆ ಒತ್ತಿ ನಿಂತಳು. ದಾನಿ ಬಂದ. ಎದುರಿಗೆ ಟೀ ಇಟ್ಟರು. ಒಬ್ಬೊಬ್ಬರ ಹೆಸರು ಕರೆದಾಗಲೂ ಹಿಂದಿನ ಸಾಲಿನಲ್ಲಿ ಮಗಳು ಅರ್ಧ ಏಳುತ್ತಿದ್ದಳು, ಮತ್ತೆ ಕೂರುತ್ತಿದ್ದಳು. ಚೆಕ್ಕುಗಳು ಮುಗಿದವು. ಅವಳ ಹೆಸರು ಬರಲೇ ಇಲ್ಲ.

ಸಾಹೇಬ ಮೈಕು ಹಿಡಿದ. "ದಾನಿಗಳ ಒಂದೊಂದು ಪೈಸೇನೂ ನಾನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ತೀನಿ. ನಿನ್ನೆ ಒಂದು ಮನೆಗೆ ಹೋಗಿದ್ದೆ. ಬಡವರಂತೆ! ತಿರುಗೋ ಕುರ್ಚಿ ಇಟ್ಕೊಂಡಿದಾರೆ! ಅನುಕೂಲಸ್ಥರು ಅಂತ ಬರೆದು ಹೆಸರು ಹೊಡೆದುಹಾಕ್ದೆ. ಇಂಥೋರಿಗೆ ಸಹಾಯ ಮಾಡಿದ್ರೆ..." ಅಂತ ಕೈ ಬೀಸಿದ. ಬೀಸಿದ ಕೈ ತಾಗಿ ದಾನಿಯ ಟೀ ಮೇಜಿನ ಮೇಲೆಲ್ಲ ಚೆಲ್ಲಿ ವೇದಿಕೆಗೆ ಹರಿಯಿತು.

"ಏಯ್, ಒರೆಸೋಳೆ! ಎಲ್ಲಿ ಸತ್ತೆ? ಬಾರೇ ಬೇಗ!"

ಬಾಯಿಬಡಕಿ ಮೂಲೆಗೆ ಹೋದಳು. ಕುರ್ಚಿಯನ್ನು ಬರಬರ ಎಳೆದು ತಂದು, ವೇದಿಕೆಯ ಮುಂದೆ ಸರಿಯಾಗಿ ನಡುವೆ ಹಾಕಿ ಕೂತಳು. ಇಟ್ಟಿಗೆ ಮನೆಯಲ್ಲೇ ಉಳಿದಿತ್ತು. ಚಕ್ರವಿಲ್ಲದ ಕಡೆಗೆ ಕುರ್ಚಿ ವಾಲಿತು. ಹಿಂದಿನ ಸಾಲಿನಿಂದ ಯಾರೋ ಓಡಿ ಬಂದ ಸದ್ದು. ಇನ್ನೇನು ಸೆರಗು ಜಗ್ಗುತ್ತಾಳೆ ಅಂದುಕೊಂಡಳು. ಮಗಳು ಸೆರಗು ಮುಟ್ಟಲಿಲ್ಲ. ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತಳು.

"ಏನೇ ಇದು? ತಲೆ ಕೆಟ್ಟಿದೆಯೇನೇ? ಏಳೇ, ಒರೆಸು!"

"ನಂಗಾಗಲ್ಲ ಸಾಹೇಬ್ರೆ." ನಲ್ಲಿಯ ಹತ್ತಿರದ ಗಂಟಲು ಅದು, ಮೈಕು ಬೇಕಾಗಲಿಲ್ಲ. "ಆ ತಿರುಗೋ ಕುರ್ಚಿಯೋಳು ನಾನೇ. ನೀವು ಕುಂಡೆ ಮೇಲಾಗಿ ಬಿದ್ದು ತಿಪ್ಪೆಗೆ ಎಸೆದ ಕುರ್ಚಿ ಇದೇ. ಅನುಕೂಲಸ್ಥೆ ಅಂತ ನೀವೇ ಬರೆದಿದೀರಲ್ಲ? ಅನುಕೂಲಸ್ಥರು ನಿಮ್ಮ ಎಂಜಲು ಒರೆಸ್ತಾರಾ?"

ಹಾಲಿನಲ್ಲಿ ಎಲ್ಲೋ ಒಬ್ಬರು ಕಿಸಕ್ಕನೆ ನಕ್ಕರು. ಸಾಹೇಬ ದಾನಿಯ ಮುಖ ನೋಡಿದ. ದಾನಿ ತನ್ನ ಒದ್ದೆ ಪಂಚೆಯ ತುದಿ ನೋಡಿಕೊಳ್ಳುತ್ತಿದ್ದ.

ಅವಳು ಒದ್ದೆ ಬಟ್ಟೆಯನ್ನು ಅವನ ಕಡೆಗೆ ಚಾಚಿದಳು.

"ತಗೊಳ್ಳಿ."

ಸಾಹೇಬ ಒಂದು ಹೆಜ್ಜೆ ಹಿಂದೆ ಸರಿದ. ಚೆಲ್ಲಿದ ಟೀಯಲ್ಲಿ ಬೂಟು ಕಿರ್ ಅಂದಿತು. ಅವಳು ಚಾಚಿದ ಕೈ ಇಳಿಸಲಿಲ್ಲ.